ಸೈಕಾಲಜಿ ಮೊದಲ ಪಾಠಗಳು: ಮನೆಯಲ್ಲೇ ಪ್ರಯೋಗ ಮಾಡಿ ಕಲಿಯುವ ಮಾರ್ಗದರ್ಶಿ

ಸೈಕಾಲಜಿ ಓದ್ತಿದ್ದೀನಿ ಅಂದ್ರೆ ಸಾಕು, "ಹಾಗಾದ್ರೆ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ" ಅನ್ನುವವರು ಪ್ರತಿ ಮದುವೆ ಮನೆಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಅದು ಕವಡೆ ಹಾಕುವವರ ಕೆಲಸ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಶುರು ಮಾಡಿದ ಸೈಕಾಲಜಿ ಪ್ರಯೋಗಶಾಲೆಯಲ್ಲಿ ಗಡಿಯಾರ ಹಿಡಿದು ಕೂರುತ್ತಿದ್ದರು. ಸದ್ದು ಕೇಳಿದ ಮೇಲೆ ಗುಂಡಿ ಒತ್ತಲು ಮನುಷ್ಯನಿಗೆ ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತಿದ್ದರು. ಕೇಳಲು ಬೋರು ಅನಿಸಬಹುದು, ಆದರೆ ಈ ವಿಷಯ ನಿಂತಿರುವುದೇ ಇಂಥ ಅಳತೆಗಳ ಮೇಲೆ.

ಪಿಯುಸಿ, ಬಿ.ಎ., ಬಿ.ಎಡ್.ನಲ್ಲಿ ಸೈಕಾಲಜಿ ತೆಗೆದುಕೊಂಡ ಬಹಳಷ್ಟು ಜನ ವ್ಯಾಖ್ಯೆಗಳನ್ನು ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ತಿಂಗಳಿಗೆ ಎಲ್ಲ ಮಾಯ. ನನ್ನ ಸಲಹೆ ಉಲ್ಟಾ: ಮೊದಲು ಕೈಯಾರೆ ಮಾಡಿ ನೋಡಿ, ಹೆಸರು ಆಮೇಲೆ ಕಲಿಯಿರಿ. ಒಂದು ನೋಟ್‌ಬುಕ್, ಫೋನಿನ ಸ್ಟಾಪ್‌ವಾಚ್, ನಾಲ್ಕು ಬಣ್ಣದ ಸ್ಕೆಚ್ ಪೆನ್, ಸ್ವಲ್ಪ ತಾಳ್ಮೆ ಇರುವ ಮನೆಮಂದಿ ಇದ್ದರೆ ಸಾಕು.

ಶುರು ಮಾಡುವ ಮುಂಚೆ ಒಂದು ನಿಯಮ. ಯಾರ ಮೇಲೆ ಪ್ರಯೋಗ ಮಾಡಿದರೂ ಮೊದಲು ಕೇಳಿ, ಬೇಡ ಅಂದರೆ ಬಿಡಿ. ಮುಗಿದ ಮೇಲೆ ಏನು ಮಾಡಿದಿರಿ ಅಂತ ಬಿಡಿಸಿ ಹೇಳಿ. ಯಾರ ಅಂಕವನ್ನೂ ಇನ್ನೊಬ್ಬರ ಮುಂದೆ ಹೇಳಬೇಡಿ. ಅತ್ತೆಯ ನೆನಪಿನ ಅಂಕವನ್ನು ಊಟದ ಹೊತ್ತಲ್ಲಿ ಓದಿ ಹೇಳಿದರೆ ಮುಂದಿನ ಪ್ರಯೋಗಕ್ಕೆ ಯಾರೂ ಸಿಗುವುದಿಲ್ಲ.

ಹಂತ 1: ಮಾತನ್ನು ಅಳೆಯುವ ಪ್ರಶ್ನೆಯಾಗಿ ಮಾಡಿ

"ಮೊಬೈಲ್ ನೋಡಿ ನೋಡಿ ಮಕ್ಕಳ ಮಾರ್ಕ್ಸ್ ಹೋಯ್ತು." ಈ ಮಾತನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಈಗ ಅದರ ಒಂದೊಂದು ಪದಕ್ಕೂ ಅಳತೆ ಕೊಡಿ. ಮೊಬೈಲ್ ನೋಡುವುದು ಅಂದರೆ ದಿನಕ್ಕೆ ಎಷ್ಟು ನಿಮಿಷ? ಮಾರ್ಕ್ಸ್ ಅಂದರೆ ಯಾವ ಪರೀಕ್ಷೆಯದು? ಹೀಗೆ ಅಳತೆ ಕೊಡುವುದಕ್ಕೆ ಕಾರ್ಯಾತ್ಮಕ ವ್ಯಾಖ್ಯೆ ಎನ್ನುತ್ತಾರೆ. ನಾವು ಬೇಕಂತಲೇ ಬದಲಿಸುವ ಅಂಶ ಸ್ವತಂತ್ರ ಚರ. ಅದರಿಂದ ಏನಾಯಿತು ಅಂತ ಅಳೆಯುವುದು ಅವಲಂಬಿತ ಚರ.

ಜಾಸ್ತಿ ಮೊಬೈಲ್ ನೋಡುವ ಮಕ್ಕಳಿಗೆ ಕಡಿಮೆ ಮಾರ್ಕ್ಸ್ ಬಂತು ಅಂತಲೇ ಇಟ್ಟುಕೊಳ್ಳಿ. ಮೊಬೈಲೇ ಕಾರಣ ಅಂತ ಆಯಿತಾ? ಪಾಠ ತಲೆಗೆ ಹತ್ತದ ಮಗು ಬೇಸರಕ್ಕೆ ಮೊಬೈಲ್ ಹಿಡಿದಿರಬಹುದು. ರಾತ್ರಿ ನಿದ್ದೆ ಬಾರದ್ದು ಎರಡಕ್ಕೂ ಮೂಲವಾಗಿರಬಹುದು. ಎರಡು ಸಂಗತಿ ಜೊತೆಜೊತೆಗೆ ಏರಿಳಿದರೆ ಅದು ಸಹಸಂಬಂಧ ಅಷ್ಟೇ. ಕಾರಣ ಹಿಡಿಯಬೇಕಾದರೆ ಪ್ರಯೋಗ ಬೇಕು. ಅಂದರೆ ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಬೇಕು, ಒಂದೇ ಒಂದು ಅಂಶವನ್ನು ಬದಲಿಸಬೇಕು, ಉಳಿದದ್ದನ್ನು ಇದ್ದ ಹಾಗೇ ಬಿಡಬೇಕು.

ಇಷ್ಟು ಗೊತ್ತಾದರೆ ಪೇಪರಿನಲ್ಲಿ ಬರುವ ಅರ್ಧಕ್ಕರ್ಧ "ಸಂಶೋಧನೆ ಹೇಳುತ್ತದೆ" ಸುದ್ದಿಗಳನ್ನು ಬೇರೆ ಕಣ್ಣಲ್ಲಿ ಓದುತ್ತೀರಿ.

ಹಂತ 2: ಕಣ್ಣು ಬಿಟ್ಟ ಜಾಗವನ್ನು ಹುಡುಕಿ

ಬಿಳಿ ಹಾಳೆಯಲ್ಲಿ ಎಡಗಡೆ ಒಂದು ಕೂಡಿಸುವ ಚಿಹ್ನೆ ಬರೆಯಿರಿ. ಅದರಿಂದ ಬಲಕ್ಕೆ 8 ಸೆಂ.ಮೀ. ದೂರದಲ್ಲಿ ಕಡಲೆಕಾಳಿನಷ್ಟು ದಪ್ಪ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಕೂಡಿಸುವ ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ತೋಳಿನಳತೆಯಿಂದ ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ಹತ್ತಿರ ಬಂದಾಗ ಚುಕ್ಕೆ ಕಾಣೆಯಾಗುತ್ತದೆ. ಕಣ್ಣಿನ ಹಿಂಬದಿಯಲ್ಲಿ ನರಗಳು ಒಂದು ಕಂತೆಯಾಗಿ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಚುಕ್ಕೆಯ ಬಿಂಬ ಅಲ್ಲಿ ಬಿದ್ದರೆ ಕಾಣುವುದಿಲ್ಲ.

ಇನ್ನೂ ಮಜಾ ಬೇಕಾದರೆ ಚುಕ್ಕೆಯ ಮೂಲಕ ಹಾದುಹೋಗುವ ಒಂದು ಉದ್ದ ಗೆರೆ ಎಳೆದು ಮತ್ತೆ ನೋಡಿ. ಚುಕ್ಕೆ ಹೋಗುತ್ತದೆ, ಆದರೆ ಗೆರೆ ತುಂಡಾಗಿ ಕಾಣುವುದಿಲ್ಲ. ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಕಣ್ಣಿಗೆ ಬಿದ್ದದ್ದು ಸಂವೇದನೆ, ಮಿದುಳು ಅದರಿಂದ ಕಟ್ಟಿಕೊಂಡದ್ದು ಗ್ರಹಿಕೆ. ಈ ಎರಡರ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಪರೀಕ್ಷೆಯಲ್ಲೂ ಬರೆಯಲಾಗದು.

ಅಡುಗೆಮನೆಯಲ್ಲಿ ಇನ್ನೊಂದು ಸಣ್ಣ ಕೆಲಸ ಮಾಡಬಹುದು. ಕಣ್ಣು ಮುಚ್ಚಿಕೊಂಡವರ ಕೈಗೆ 200 ಗ್ರಾಂ ಅಕ್ಕಿಯ ಚೀಲ ಕೊಡಿ. ಅದಕ್ಕೆ 20 ಗ್ರಾಂ ಸೇರಿಸಿ ಮತ್ತೆ ಕೊಡಿ, ಗೊತ್ತಾಗುತ್ತದೆ. ಅದೇ 20 ಗ್ರಾಮನ್ನು 2 ಕಿಲೋ ಚೀಲಕ್ಕೆ ಸೇರಿಸಿದರೆ ಗೊತ್ತಾಗುವುದು ಕಷ್ಟ. ಎಷ್ಟು ಸೇರಿತು ಅನ್ನುವುದಕ್ಕಿಂತ ಇದ್ದದ್ದರ ಲೆಕ್ಕದಲ್ಲಿ ಎಷ್ಟು ಪಾಲು ಸೇರಿತು ಅನ್ನುವುದು ಮುಖ್ಯ. ಇದೇ ವೇಬರ್ ನಿಯಮ.

ಹಂತ 3: ಬಣ್ಣ ಹೇಳಿ, ಪದ ಓದಬೇಡಿ

ಎರಡು ಹಾಳೆ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಪೆನ್ನಿನಿಂದ 20 ಚೌಕ ತುಂಬಿ, ಬಣ್ಣಗಳು ಕಲಸಿರಲಿ. ಎರಡನೆಯದರಲ್ಲಿ ಅದೇ ಬಣ್ಣಗಳ ಹೆಸರನ್ನು 20 ಸಲ ಬರೆಯಿರಿ, ಆದರೆ ತಪ್ಪು ಬಣ್ಣದಲ್ಲಿ. "ಕೆಂಪು" ಅನ್ನುವ ಪದ ಹಸಿರು ಶಾಯಿಯಲ್ಲಿ, "ನೀಲಿ" ಹಳದಿಯಲ್ಲಿ, ಹೀಗೆ. ಎರಡೂ ಹಾಳೆಯಲ್ಲಿ ಶಾಯಿಯ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು. ಸ್ಟಾಪ್‌ವಾಚ್ ಒತ್ತಿ.

ಎರಡನೇ ಹಾಳೆಯಲ್ಲಿ ಎಲ್ಲರೂ ತಡವರಿಸುತ್ತಾರೆ, ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಜಾನ್ ರಿಡ್ಲೆ ಸ್ಟ್ರೂಪ್ 1935ರಲ್ಲಿ ಇದನ್ನು ಪ್ರಕಟಿಸಿದಾಗ, 100 ಬಣ್ಣದ ಚೌಕಗಳಿಗೆ ವಿದ್ಯಾರ್ಥಿಗಳು ಸರಾಸರಿ 63 ಸೆಕೆಂಡ್ ತೆಗೆದುಕೊಂಡಿದ್ದರು. ತಪ್ಪು ಬಣ್ಣದ 100 ಪದಗಳಿಗೆ ಸುಮಾರು 110 ಸೆಕೆಂಡ್ ಹಿಡಿಯಿತು. ಓದು ಬಂದವರಿಗೆ ಅಕ್ಷರ ಕಂಡರೆ ಓದದೇ ಇರಲಾಗದು. ಓದುವುದು ತಾನಾಗಿಯೇ ನಡೆಯುವ ಕ್ರಿಯೆ, ಬಣ್ಣ ಹೇಳಲು ಗಮನ ಬೇಕು. ಎರಡೂ ಗುದ್ದಾಡುತ್ತವೆ.

ಇಲ್ಲಿ ಒಂದು ತಕರಾರು ಎತ್ತಿ. ಎರಡನೇ ಹಾಳೆ ಯಾವಾಗಲೂ ಎರಡನೆಯದಾಗಿಯೇ ಬಂದರೆ, ತಡವಾದದ್ದು ಸುಸ್ತಿನಿಂದಲೂ ಇರಬಹುದಲ್ವಾ? ಅದಕ್ಕೆ ಅರ್ಧ ಜನಕ್ಕೆ ಚೌಕದ ಹಾಳೆ ಮೊದಲು, ಉಳಿದವರಿಗೆ ಪದದ ಹಾಳೆ ಮೊದಲು ಕೊಡಿ.

ಕನ್ನಡದವರಿಗೆ, ಅದರಲ್ಲೂ ಬೆಂಗಳೂರಿನಲ್ಲಿ ಇರುವವರಿಗೆ, ಇನ್ನೊಂದು ಅನುಕೂಲ ಇದೆ. ಕನ್ನಡ ಲಿಪಿ ಓದಲು ಬಾರದ ಗೆಳೆಯರು ಪಕ್ಕದಲ್ಲೇ ಸಿಗುತ್ತಾರೆ. ಅವರಿಗೆ ಇದೇ ಕನ್ನಡ ಹಾಳೆ ಕೊಟ್ಟು ಬಣ್ಣವನ್ನು ಅವರ ಭಾಷೆಯಲ್ಲೇ ಹೇಳಲು ಬಿಡಿ. ಪದ ಅವರಿಗೆ ಬರೀ ಗೆರೆ, ತಡವರಿಸುವ ಕಾರಣವೇ ಇಲ್ಲ. ತೊಂದರೆ ಕೊಡುತ್ತಿದ್ದದ್ದು ಓದು ಅನ್ನುವುದಕ್ಕೆ ಇದು ಗಟ್ಟಿ ಸಾಕ್ಷಿ. ಹೋಲಿಸಿ ನೋಡಲು ಇಟ್ಟುಕೊಳ್ಳುವ ಇಂಥ ಗುಂಪಿಗೆ ನಿಯಂತ್ರಣ ಗುಂಪು ಎನ್ನುತ್ತಾರೆ. ಅದು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ಈ ಉದಾಹರಣೆ ಕೊಡಿ.

ಹಂತ 4: ನೆನಪಿಗೆ ಜಾಸ್ತಿ ಸಮಯ ಕೊಡಿ

ನನ್ನ ಪ್ರಕಾರ ಹೊಸಬರು ಅತಿ ಹೆಚ್ಚು ಹೊತ್ತು ಕಳೆಯಬೇಕಾದ್ದು ಇಲ್ಲಿ. ಪ್ರಯೋಗ ಸುಲಭ, ಫಲಿತಾಂಶ ಖಚಿತ, ಮೇಲಾಗಿ ಓದುವವರಿಗೆ ನೇರ ಲಾಭ.

ಮೊದಲು ಅಂಕಿಗಳು. ಸೆಕೆಂಡಿಗೆ ಒಂದರಂತೆ ನಾಲ್ಕು ಅಂಕಿ ಓದಿ, ಅದೇ ಕ್ರಮದಲ್ಲಿ ಹೇಳಲು ಕೇಳಿ. ಸರಿಯಾದರೆ ಐದು, ಆಮೇಲೆ ಆರು. ಹೆಚ್ಚಿನ ವಯಸ್ಕರು ಏಳರ ಆಸುಪಾಸಿನಲ್ಲಿ ಸೋಲುತ್ತಾರೆ. ಈಗ ಈ ಹನ್ನೆರಡನ್ನು ಒಂದೊಂದಾಗಿ ಓದಿ: 1, 9, 4, 7, 1, 9, 5, 6, 1, 9, 7, 3. ಬಹಳ ಜನ ಮಧ್ಯದಲ್ಲೇ ಕೈಚೆಲ್ಲುತ್ತಾರೆ. ಅದನ್ನೇ 1947, 1956, 1973 ಅಂತ ಓದಿ. ಸ್ವಾತಂತ್ರ್ಯ, ಏಕೀಕರಣ, ಕರ್ನಾಟಕ ಅಂತ ಹೆಸರಾದ ವರ್ಷ. ಹನ್ನೆರಡು ಅಂಕಿ ಮೂರು ಗಂಟಾಗಿ ಕೂತವು. ಗುಂಪು ಕಟ್ಟಿ ನೆನಪಿಡುವ ಈ ರೀತಿಗೆ ಚಂಕಿಂಗ್ ಎನ್ನುತ್ತಾರೆ. ಜಾರ್ಜ್ ಮಿಲ್ಲರ್ ಏಳು ಅನ್ನುವ ಸಂಖ್ಯೆಯ ಬಗ್ಗೆ ತಮ್ಮ ಹೆಸರಾಂತ ಲೇಖನ ಬರೆದದ್ದೂ ನಮ್ಮ ಏಕೀಕರಣದ 1956ರಲ್ಲೇ. ಆ ಏಳು ಈಗ ಅಷ್ಟು ಗಟ್ಟಿ ಉಳಿದಿಲ್ಲ. ಗುಂಪು ಕಟ್ಟಲು ಅವಕಾಶ ಕೊಡದೇ ಹೋದರೆ ಒಮ್ಮೆಗೆ ಹಿಡಿಯುವುದು ನಾಲ್ಕರಷ್ಟೇ ಅಂತ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಹಳೆಯ ಪುಸ್ತಕ ಏಳು ಅಂದರೆ, ಹೊಸದು ನಾಲ್ಕು ಅಂದರೆ ಗಾಬರಿ ಬೇಡ.

ಎರಡನೆಯದು ಮರೆವು. ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪುಸ್ತಕ ಬರೆದ. ಅರ್ಥವಿರುವ ಪದಕ್ಕೆ ಹಳೆಯ ನೆನಪುಗಳು ಅಂಟಿಕೊಂಡಿರುತ್ತವೆ ಅಂತ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಯಾರಿಸಿದ. ನೀವೂ ಹತ್ತು ತಯಾರಿಸಿ: ಟಮೆಗ, ಲಪೋಚ, ಝನುಡ, ಹೀಗೆ. ಒಂದೂ ತಪ್ಪಿಲ್ಲದೆ ಒಪ್ಪಿಸುವವರೆಗೆ ಓದಿ, ಎಷ್ಟು ಸುತ್ತು ಬೇಕಾಯಿತು ಅಂತ ಬರೆದಿಡಿ. ಮರುದಿನ ಅದೇ ಪಟ್ಟಿಯನ್ನು ಮತ್ತೆ ಕಲಿಯಿರಿ. ನಿನ್ನೆ 10 ಸುತ್ತು, ಇವತ್ತು 7 ಅಂದರೆ ಉಳಿತಾಯ ಶೇ. 30. ಎಬ್ಬಿಂಗ್‌ಹೌಸ್‌ಗೆ 20 ನಿಮಿಷದ ಬಳಿಕ ಶೇ. 58, ಒಂದು ದಿನದ ಬಳಿಕ ಸುಮಾರು ಶೇ. 34, 31 ದಿನದ ಬಳಿಕ ಶೇ. 21 ಉಳಿತಾಯ ಸಿಕ್ಕಿತ್ತು. ಮರೆವು ಮೊದಲ ಗಂಟೆಗಳಲ್ಲಿ ಓಡುತ್ತದೆ, ಆಮೇಲೆ ತೆವಳುತ್ತದೆ. ಮತ್ತೆ, ಒಂದು ಪದವೂ ಬಾಯಿಗೆ ಬರದಿದ್ದಾಗಲೂ ಉಳಿತಾಯ ಇರಬಹುದು. ಎಲ್ಲ ಮರೆತೆ ಅನ್ನುವವರು ಪೂರ್ತಿ ಮರೆತಿರುವುದಿಲ್ಲ.

ಮೂರನೆಯದು ಸುಳ್ಳು ನೆನಪು. ಜನರನ್ನು ಬೆಚ್ಚಿಬೀಳಿಸುವ ಪ್ರಯೋಗ ಇದೇ. ಈ ಪಟ್ಟಿಯನ್ನು ನಿಧಾನವಾಗಿ ಒಮ್ಮೆ ಓದಿ: ಹಾಸಿಗೆ, ದಿಂಬು, ಕನಸು, ಕಂಬಳಿ, ಆಕಳಿಕೆ, ರಾತ್ರಿ, ಮಂಚ, ಗೊರಕೆ, ತೂಕಡಿಕೆ, ಚಾಪೆ, ವಿಶ್ರಾಂತಿ, ಜೋಗುಳ. ಎರಡು ನಿಮಿಷ ಬೇರೆ ಏನಾದರೂ ಮಾತಾಡಿ. ಆಮೇಲೆ ನೆನಪಿರುವುದನ್ನು ಬರೆಯಲು ಹೇಳಿ. ಹಲವರು "ನಿದ್ದೆ" ಅಂತ ಬರೆಯುತ್ತಾರೆ. "ನೀವು ಓದಿದ್ದನ್ನು ನಾನೇ ಕೇಳಿದೆ" ಅಂತ ವಾದಕ್ಕೂ ಇಳಿಯುತ್ತಾರೆ. ಪಟ್ಟಿಯಲ್ಲಿ ನಿದ್ದೆ ಇಲ್ಲವೇ ಇಲ್ಲ. ಈ ಮಾದರಿಯನ್ನು 1995ರಲ್ಲಿ ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮ್ಯಾಕ್‌ಡರ್ಮಟ್ ಪ್ರಸಿದ್ಧಿಗೆ ತಂದರು, ಮೂಲ ಜೇಮ್ಸ್ ಡೀಸ್ 1959ರಲ್ಲಿ ಮಾಡಿದ ಕೆಲಸ. ನೆನಪು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಇದೇ ಕಾರಣಕ್ಕೆ, ಕಣ್ಣಾರೆ ಕಂಡ ಸಾಕ್ಷಿಗಳ ನೆನಪನ್ನು ಪರೀಕ್ಷಿಸಿದ ಎಲಿಜಬೆತ್ ಲಾಫ್ಟಸ್ ಅವರ ಕೆಲಸ ಕೋರ್ಟುಗಳಿಗೆ ಮುಖ್ಯವಾಯಿತು. 1974ರ ಪ್ರಯೋಗದಲ್ಲಿ ಜನರಿಗೆ ಕಾರುಗಳು ಗುದ್ದುವ ಫಿಲ್ಮ್ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. "ತಾಗಿದಾಗ" ಅನ್ನುವ ಬದಲು "ಅಪ್ಪಚ್ಚಿಯಾಗುವಂತೆ ಗುದ್ದಿದಾಗ" ಅನ್ನುವ ಅರ್ಥದ ಪದ ಬಳಸಿ ಕೇಳಿದಾಗ ವೇಗ ಜಾಸ್ತಿ ಹೇಳಿದರು. ಹಾಗೆ ಕೇಳಿಸಿಕೊಂಡವರಲ್ಲಿ, ಉಳಿದವರಿಗೆ ಹೋಲಿಸಿದರೆ ಹೆಚ್ಚು ಮಂದಿ ವಾರದ ಬಳಿಕ ಒಡೆದ ಗಾಜನ್ನೂ ಕಂಡೆವು ಅಂದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ.

ಇನ್ನು ಪರೀಕ್ಷೆಗೆ ಓದುವವರಿಗೆ. ಒಂದೇ ಮಟ್ಟದ ಎರಡು ಪಾಠ ಆರಿಸಿ. ಒಂದನ್ನು ನಾಲ್ಕು ಸಲ ಓದಿ. ಇನ್ನೊಂದನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಮೂರು ಸಲ ಬರೆಯಿರಿ. ಐದು ನಿಮಿಷದ ಬಳಿಕ ನೋಡಿದರೆ ಓದಿದ್ದೇ ಗೆಲ್ಲಬಹುದು. ವಾರ ಬಿಟ್ಟು ನೋಡಿ. ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಇಂಥದ್ದೇ ಪ್ರಯೋಗ ಮಾಡಿದಾಗ ವಾರದ ಬಳಿಕ ಗೆದ್ದದ್ದು ಪುಸ್ತಕ ಮುಚ್ಚಿ ಬರೆದವರು. ಸಾಲುಗಳಿಗೆ ಹಳದಿ ಬಳಿಯುತ್ತಾ ಕೂರುವುದಕ್ಕಿಂತ ಇದು ಕಷ್ಟ. ಅದಕ್ಕೇ ಯಾರೂ ಮಾಡುವುದಿಲ್ಲ.

ಹಂತ 5: ಅಭ್ಯಾಸ ಹೇಗೆ ಅಂಟುತ್ತದೆ ನೋಡಿ

ರಷ್ಯಾದ ವಿಜ್ಞಾನಿ ಪಾವ್ಲೋವ್ ಅಂದರೆ ಎಲ್ಲರಿಗೂ ನಾಯಿ ನೆನಪಾಗುತ್ತದೆ. ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಊಟ ಬರುವ ಮುಂಚೆಯೇ ನಾಯಿಗಳು ಜೊಲ್ಲು ಸುರಿಸುತ್ತಿದ್ದದ್ದೇ ಅವರನ್ನು ಸೈಕಾಲಜಿ ಕಡೆಗೆ ಎಳೆದದ್ದು. ಹುಣಸೆಹಣ್ಣನ್ನು ನಾಲಿಗೆಗೆ ಇಟ್ಟರೆ ಬಾಯಲ್ಲಿ ನೀರು ಬರುತ್ತದೆ. ಇದನ್ನು ಯಾರೂ ಕಲಿಸಿಲ್ಲ. ಹುಣಸೆಹಣ್ಣು ಸಹಜ ಪ್ರಚೋದನೆ, ನೀರೂರುವುದು ಸಹಜ ಪ್ರತಿಕ್ರಿಯೆ. ಆದರೆ ಹುಣಸೆಹಣ್ಣು ಅನ್ನುವ ಪದ ಓದಿದಾಗಲೇ ಈಗ ನೀರೂರಿತಾ? ಪದಕ್ಕೆ ಹುಳಿ ಇಲ್ಲ. ಎಷ್ಟೋ ಸಲ ಹುಳಿಯ ಜೊತೆ ಬಂದು ಅದು ಕಲಿತ ಪ್ರಚೋದನೆಯಾಗಿದೆ. ಇದು ಶಾಸ್ತ್ರೀಯ ಅನುಬಂಧನ, ಅಂದರೆ ಕ್ಲಾಸಿಕಲ್ ಕಂಡೀಷನಿಂಗ್.

ಇನ್ನೊಂದು ಬಗೆಯ ಕಲಿಕೆ ನಾವು ಮಾಡಿದ ಕೆಲಸದ ಫಲದಿಂದ ಬರುತ್ತದೆ. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದರು, ಆಮೇಲೆ ಬಿ. ಎಫ್. ಸ್ಕಿನ್ನರ್ ಇದನ್ನು ಬೆಳೆಸಿದರು. ವಿದ್ಯಾರ್ಥಿಗಳು ಮುಗ್ಗರಿಸುವುದು ಒಂದೇ ಕಡೆ: ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ ಅಂದುಕೊಳ್ಳುತ್ತಾರೆ. ಎರಡು ಪ್ರಶ್ನೆ ಕೇಳಿಕೊಳ್ಳಿ. ವರ್ತನೆ ಹೆಚ್ಚಾಯಿತೋ, ಕಡಿಮೆಯಾಯಿತೋ? ಹೆಚ್ಚಾದರೆ ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ಏನಾದರೂ ಸೇರಿತೋ, ಹೋಯಿತೋ? ಸೇರಿದರೆ ಧನಾತ್ಮಕ, ಹೋದರೆ ಋಣಾತ್ಮಕ. ಒಳ್ಳೆಯದು ಕೆಟ್ಟದು ಅನ್ನುವ ಅರ್ಥ ಈ ಪದಗಳಿಗೆ ಇಲ್ಲ. ಸೀಟ್ ಬೆಲ್ಟ್ ಹಾಕುವವರೆಗೆ ಕಾರು ಕೀಂಯ್ ಅನ್ನುತ್ತದೆ. ಹಾಕಿದ ತಕ್ಷಣ ನಿಲ್ಲುತ್ತದೆ. ಹಿಂಸೆ ಹೋಯಿತು, ಬೆಲ್ಟ್ ಹಾಕುವುದು ಹೆಚ್ಚಾಯಿತು. ಇದು ಋಣಾತ್ಮಕ ಪುನರ್ಬಲನ.

ಈಗ ಅಂಗಡಿ ಮುಂದೆ ಚಾಕಲೇಟಿಗೆ ಹಟ ಹಿಡಿದ ಮಗುವನ್ನು ನೋಡಿ. ಅಪ್ಪ ಕೊಡಿಸಿದ. ಮಗುವಿನ ಅಳುವಿಗೆ ಚಾಕಲೇಟ್ ಸೇರಿತು, ಹಾಗಾಗಿ ಅಳುವುದು ಹೆಚ್ಚಾಗುತ್ತದೆ. ಅಪ್ಪನ ಕಿವಿಗೆ ಅಳು ನಿಂತಿತು, ಹಾಗಾಗಿ ಕೊಡಿಸುವುದು ಹೆಚ್ಚಾಗುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳುತ್ತಿದ್ದಾರೆ. ಒಂಬತ್ತು ಸಲ ಗಟ್ಟಿಯಾಗಿ ನಿಂತು ಹತ್ತನೆಯ ಸಲ ಸೋತು ಕೊಡಿಸಿದರೆ ಇನ್ನೂ ಕಷ್ಟ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದ ಫಲದಿಂದ ಕಲಿತದ್ದು ಸುಲಭಕ್ಕೆ ಅಳಿಯುವುದಿಲ್ಲ. ನೀವು ರೀಲ್ಸ್ ಒರೆಸುತ್ತಲೇ ಇರುವುದೂ ಇದೇ ಲೆಕ್ಕ.

ವಾರವಿಡೀ ಮನೆಯಲ್ಲಿ ಕಂಡ ಇಂಥ ಘಟನೆಗಳನ್ನು ಬರೆದು, ನಾಲ್ಕು ಬಗೆಗಳಲ್ಲಿ ಯಾವುದು ಅಂತ ಗುರುತು ಹಾಕಿ. ಯಾರ ವರ್ತನೆ ಅನ್ನುವುದನ್ನು ಮೊದಲು ಬರೆಯಿರಿ. ಉತ್ತರ ತಪ್ಪುವುದು ಹೆಚ್ಚಾಗಿ ಅಲ್ಲೇ.

ಹಂತ 6: ಬೇರೆಯವರ ಬಗ್ಗೆ ಆಡುವ ಮಾತು ಎಣಿಸಿ

ಬೇರೆಯವರು ತಡವಾಗಿ ಬಂದರೆ "ಬೇಜವಾಬ್ದಾರಿ ಮನುಷ್ಯ". ನಾವು ತಡವಾದರೆ "ಸಿಲ್ಕ್ ಬೋರ್ಡಲ್ಲಿ ಟ್ರಾಫಿಕ್". ಬೇರೆಯವರ ವರ್ತನೆಗೆ ಸ್ವಭಾವವನ್ನೇ ಕಾರಣ ಮಾಡಿ, ಸಂದರ್ಭವನ್ನು ಮರೆಯುವ ಈ ಚಾಳಿಗೆ ಲೀ ರಾಸ್ 1977ರಲ್ಲಿ ಮೂಲಭೂತ ಆರೋಪಣ ದೋಷ ಅಂತ ಹೆಸರಿಟ್ಟರು. ಇದು ಎಲ್ಲ ಮನುಷ್ಯರಿಗೂ ಒಂದೇ ಥರ ಅಂತ ಆಗ ನಂಬಿದ್ದರು.

ಆ ನಂಬಿಕೆಗೆ ಪೆಟ್ಟು ಕೊಟ್ಟ ಅಧ್ಯಯನ ನಡೆದದ್ದು ನಮ್ಮ ಮೈಸೂರಿನಲ್ಲಿ. ಜೋನ್ ಮಿಲ್ಲರ್ ಎಂಬ ಸಂಶೋಧಕಿ 1984ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮೈಸೂರಿನ ಹಿಂದೂಗಳನ್ನೂ ಅಮೆರಿಕದವರನ್ನೂ ಹೋಲಿಸಿದರು. ಪರಿಚಯದವರು ಮಾಡಿದ ಒಳ್ಳೆಯ, ಕೆಟ್ಟ ಕೆಲಸಗಳಿಗೆ ಕಾರಣ ಹೇಳಿ ಅಂದಾಗ ಅಮೆರಿಕದ ವಯಸ್ಕರು ಸ್ವಭಾವದ ಕಡೆ ಹೆಚ್ಚು ಬೊಟ್ಟು ಮಾಡಿದರು, ಮೈಸೂರಿನ ವಯಸ್ಕರು ಸಂದರ್ಭ, ಸಂಬಂಧ, ಜವಾಬ್ದಾರಿಗಳ ಕಡೆ. ಎರಡೂ ಕಡೆಯ ಚಿಕ್ಕ ಮಕ್ಕಳಲ್ಲಿ ಈ ವ್ಯತ್ಯಾಸ ಇರಲಿಲ್ಲ. ವಯಸ್ಸಾದಂತೆ ಅಂತರ ಬೆಳೆಯುತ್ತಿತ್ತು. ಅಂದರೆ ಹೀಗೆ ಯೋಚಿಸುವುದನ್ನು ಬೆಳೆಯುತ್ತಾ ಕಲಿಯುತ್ತೇವೆ.

ಮೈಸೂರಿಗೂ ಸೈಕಾಲಜಿಗೂ ನಂಟು ಹಳೆಯದು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಈ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್‌ನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ "ಆಕಾಶವಾಣಿ" ಹೆಸರಿನ ರೇಡಿಯೊ ಕೇಂದ್ರ ನಡೆಸಿದವರೂ ಅವರೇ.

ನಿಮ್ಮ ಕೆಲಸ: ಮನೆಯವರು ಬೇರೆಯವರ ಬಗ್ಗೆ ಹೇಳುವ ಕಾರಣಗಳನ್ನು ಸ್ವಭಾವ, ಸಂದರ್ಭ ಅಂತ ಎರಡು ಕಾಲಂ ಮಾಡಿ ಗೆರೆ ಹಾಕುತ್ತಾ ಹೋಗಿ. ತಮ್ಮ ಬಗ್ಗೆ ಹೇಳಿಕೊಂಡದ್ದಕ್ಕೆ ಬೇರೆ ಹಾಳೆ. ಇದಕ್ಕೂ ಮೊದಲೇ ಒಪ್ಪಿಗೆ ಪಡೆಯಿರಿ. ಹೆಸರು ಬೇಡ, ಎಣಿಕೆ ಮಾತ್ರ.

ಮನೆಯಲ್ಲಿ ಮಾಡಬಾರದ ಪ್ರಯೋಗಗಳೂ ಇವೆ. ಸ್ಟ್ಯಾನ್ಲಿ ಮಿಲ್‌ಗ್ರಾಮ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಜನರಲ್ಲಿ 26 ಮಂದಿ, ಪ್ರಯೋಗ ನಡೆಸುವವರು ಹೇಳಿದರು ಅಂತ, ಇನ್ನೊಬ್ಬರಿಗೆ ಶಾಕ್ ಕೊಡುವ ಗುಂಡಿಗಳನ್ನು 450 ವೋಲ್ಟ್‌ವರೆಗೂ ಒತ್ತಿದರು. ಶಾಕ್ ನಕಲಿ, ಆದರೆ ಒತ್ತಿದವರ ನಡುಕ ಅಸಲಿ. ಓದಿ ತಿಳಿದುಕೊಳ್ಳಿ, ಅಷ್ಟೇ ಸಾಕು.

ಹಂತ 7: ನಂಬುವ ಮುಂಚೆ ಒಡೆಯಲು ನೋಡಿ

ಗೆಳೆಯರಿಗೆ ಹೇಳಿ: "2, 4, 6 ನನ್ನ ಗುಟ್ಟಿನ ನಿಯಮಕ್ಕೆ ಸರಿಹೊಂದುತ್ತದೆ. ನೀವು ಬೇರೆ ಮೂರು ಸಂಖ್ಯೆ ಹೇಳಿ, ಹೌದು ಅಥವಾ ಇಲ್ಲ ಅನ್ನುತ್ತೇನೆ. ನಿಯಮ ಪತ್ತೆ ಮಾಡಿ." ಹೆಚ್ಚಿನವರು 8, 10, 12 ಅನ್ನುತ್ತಾರೆ. ಹೌದು. 20, 22, 24. ಹೌದು. "ಎರಡೆರಡು ಜಾಸ್ತಿ" ಅಂತ ಗೆದ್ದ ಮುಖ ಮಾಡುತ್ತಾರೆ. ನಿಯಮ ಬರೀ ಏರುವ ಸಂಖ್ಯೆಗಳು, ಅಷ್ಟೇ. 1, 5, 90 ಕೂಡ ಸರಿ. ತಮ್ಮ ಊಹೆ ಸುಳ್ಳಾಗುವಂಥ ಸಂಖ್ಯೆಯನ್ನು ಅವರು ಕೇಳಲೇ ಇಲ್ಲ. ಪೀಟರ್ ವಾಸನ್ 1960ರಲ್ಲಿ ಮಾಡಿದ ಈ ಆಟ ದೃಢೀಕರಣ ಪಕ್ಷಪಾತವನ್ನು ಐದು ನಿಮಿಷದಲ್ಲಿ ತೋರಿಸುತ್ತದೆ.

ಇದೇ ಪರೀಕ್ಷೆಯನ್ನು ಸೈಕಾಲಜಿಯ ಮೇಲೂ ಮಾಡಿ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಮತ್ತೆ ಸ್ಪಷ್ಟ ಫಲಿತಾಂಶ ಕೊಟ್ಟವು. ಮಿದುಳಿನ ಶೇ. 10 ಮಾತ್ರ ಬಳಸುತ್ತೇವೆ ಅನ್ನುವುದು ಸುಳ್ಳು. ಎಡ ಮಿದುಳಿನ ಜನ, ಬಲ ಮಿದುಳಿನ ಜನ ಅಂತ ಇಲ್ಲ. ನೋಡಿ ಕಲಿಯುವವರಿಗೆ ನೋಡಿಯೇ, ಕೇಳಿ ಕಲಿಯುವವರಿಗೆ ಕೇಳಿಸಿಯೇ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಸಿಕ್ಕಿಲ್ಲ. ಬಿ.ಎಡ್. ತರಗತಿಗಳಲ್ಲಿ ಇದನ್ನು ಇನ್ನೂ ಹೇಳುವುದುಂಟು. ಕೈ ಎತ್ತಿ ಪ್ರಶ್ನೆ ಕೇಳಿ.

ಮಾನಸಿಕ ಕಾಯಿಲೆಗಳ ಅಧ್ಯಾಯವನ್ನು ಎಲ್ಲಕ್ಕಿಂತ ಕೊನೆಗೆ ಓದಿ. ಮೊದಲೇ ಓದಿದರೆ ಕಂಡವರಿಗೆಲ್ಲ, ತನಗೂ, ಒಂದೊಂದು ಕಾಯಿಲೆಯ ಹೆಸರು ಅಂಟಿಸುವ ಹುಚ್ಚು ಹತ್ತುತ್ತದೆ. ಗುರುತಿಸುವುದು ತರಬೇತಿ ಪಡೆದವರ ಕೆಲಸ. ನಿಮಗೋ ಮನೆಯವರಿಗೋ ನಿಜವಾಗಿಯೂ ಕಷ್ಟವಾಗುತ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.